ಹಲ್ಲು ಅಲ್ಲಾಡಿಸಿದ್ದು ಯಾರು?

ಹಲ್ಲು ಕ್ಲೀನ್ ಮಾಡಿಸಬೇಕು ಅಂತ ಮನೆಯಲ್ಲಿ ಮಾತೆತ್ತಿದರೆ ಸಾಕು, ಬೇಡ ಎನ್ನುವವರು ಒಬ್ಬರಾದರೂ ಇರುತ್ತಾರೆ. ‘ಒಂದ್ಸಲ ಆ ಮಷೀನ್ ಬಾಯಿಗಿಟ್ರೆ ಮುಗೀತು, ಆಮೇಲೆ ಹಲ್ಲು ಒಂದೊಂದೇ ಅಲ್ಲಾಡೋಕೆ ಶುರು’ ಎಂಬ ಈ ಮಾತನ್ನು ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪನೂ ಹೇಳುತ್ತಾರೆ, ವಿಜ್ಞಾನ ಕಲಿಸುವ ಮೇಷ್ಟ್ರೂ ಹೇಳುತ್ತಾರೆ. ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅವರು ಕಂಡದ್ದು ಸುಳ್ಳಲ್ಲ. ಕ್ಲೀನ್ ಮಾಡಿಸಿದ ವಾರದಲ್ಲಿ ಹಲ್ಲು ಸಡಿಲವೆನಿಸಿದ್ದು ನಿಜ, ಸಂದಿ ಕಾಣಿಸಿಕೊಂಡದ್ದು ನಿಜ, ತಣ್ಣೀರಿಗೆ ಜುಮ್ಮೆಂದದ್ದೂ ನಿಜ. ತಪ್ಪಾಗಿರುವುದು ಕಾರಣ ಹುಡುಕುವುದರಲ್ಲಿ.

ಕೆಳಗಿನ ಮುಂಬಲ್ಲುಗಳ ಹಿಂಬದಿಗೆ ನಾಲಿಗೆ ಆಡಿಸಿ ನೋಡಿ. ಬಹಳ ಜನರಿಗೆ ಅಲ್ಲಿ ತರಿತರಿಯಾಗಿ ಏನೋ ತಗಲುತ್ತದೆ. ಜೊಲ್ಲಿನ ನಾಳಗಳು ನಾಲಿಗೆಯ ಅಡಿಯಲ್ಲಿ, ಆ ಹಲ್ಲುಗಳ ಹತ್ತಿರವೇ ತೆರೆದುಕೊಳ್ಳುತ್ತವೆ. ಉಜ್ಜದೆ ಉಳಿದ ಪಾಚಿಯಲ್ಲಿ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿಕೊಂಡು ಅದು ಗಾರೆಗಟ್ಟುತ್ತದೆ. ಆಮೇಲೆ ಯಾವ ಬ್ರಶ್ಶಿಗೂ ಜಗ್ಗುವುದಿಲ್ಲ. ಒರಟಾದ ಗಾರೆಯ ಮೇಲೆ ಹೊಸ ಪಾಚಿ ಸುಲಭವಾಗಿ ಕೂರುತ್ತದೆ, ಅದರ ಬ್ಯಾಕ್ಟೀರಿಯಾದಿಂದ ವಸಡು ಕೆಂಪಗೆ ಊದುತ್ತದೆ. ಊತ ವರ್ಷಗಟ್ಟಲೆ ಉಳಿದರೆ ಹೆಚ್ಚಿನವರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಅಂಚಿನಿಂದ ಕರಗುತ್ತಾ ಹೋಗುತ್ತದೆ. ನೋವೇನೂ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಬುಡದ ಮೂಳೆ ಸಾಕಷ್ಟು ಹೋದ ಮೇಲೂ ಹಲ್ಲುಗಳು ನೆಟ್ಟಗೆ ನಿಂತಂತೆ ಕಾಣುತ್ತವೆ. ಒಂದಕ್ಕೊಂದನ್ನು ಗಾರೆ ಬೆಸೆದಿರುತ್ತದೆ, ಸಂದಿಯನ್ನು ಊದಿದ ವಸಡು ಮುಚ್ಚಿರುತ್ತದೆ.

ಸ್ಕೇಲಿಂಗ್ ಅನ್ನುವುದು ಈ ಗಾರೆಯನ್ನು ಬಿಡಿಸುವ ಕೆಲಸ. ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಸಣ್ಣ ಲೋಹದ ಮೊನೆ, ಜೊತೆಗೆ ನೀರು. ಗಾರೆ ಚೂರುಚೂರಾಗಿ ಕಳಚಿ ಬರುತ್ತದೆ. ಹಲ್ಲಿನ ಎನಾಮೆಲ್ ನಮ್ಮ ಮೈಯಲ್ಲೇ ಅತಿ ಗಟ್ಟಿಯಾದ ವಸ್ತು. ಸರಿಯಾಗಿ ಮಾಡಿದರೆ ಅದಕ್ಕೇನೂ ಆಗುವುದಿಲ್ಲ. ಗಾರೆ ಹೋಯಿತು, ಕೆಲವು ದಿನಗಳಲ್ಲಿ ಊತವೂ ಇಳಿಯಿತು, ಇಷ್ಟು ವರ್ಷ ಮುಚ್ಚಿದ್ದ ಬೇರು ಗಾಳಿಗೆ, ನೀರಿಗೆ ಬಿತ್ತು. ಅದಕ್ಕೇ ಆ ಜುಮ್. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇಲ್ಲಿ ಕೊಂಬೆಗೆ ಗೆದ್ದಲು ಹಿಡಿದು ಹತ್ತು ವರ್ಷವಾಗಿತ್ತು. ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ವಸಡು ಬಿಗಿದುಕೊಂಡ ಮೇಲೆ ಎಷ್ಟೋ ಹಲ್ಲುಗಳ ಅಲ್ಲಾಟವೂ ಕಡಿಮೆಯಾಗುತ್ತದೆ.

‘ನಮ್ಮಜ್ಜ ಹಲ್ಲಿನ ಡಾಕ್ಟರ ಮುಖ ನೋಡಿದವರಲ್ಲ, ಎಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದರು’ ಎಂಬ ಎರಡನೆಯ ವಾದಕ್ಕೆ ಉತ್ತರ ಶ್ರೀಲಂಕಾದ ಟೀ ತೋಟಗಳಲ್ಲಿದೆ. ನಾರ್ವೆ ಮೂಲದ ಹರಾಲ್ಡ್ ಲೋ ಮತ್ತು ಸಂಗಡಿಗರು 1970ರಿಂದ 1985ರವರೆಗೆ ಅಲ್ಲಿನ ಕೂಲಿ ಗಂಡಸರ ಬಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಶುರುವಿಗೆ 480 ಮಂದಿ. ಅವರಿಗೆ ಬ್ರಶ್ಶಿನ ರೂಢಿ ಇರಲಿಲ್ಲ, ಹಲ್ಲಿನ ಚಿಕಿತ್ಸೆಯೆಂಬುದೂ ಇರಲಿಲ್ಲ. 1986ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇಕಡ 8 ಮಂದಿಯಲ್ಲಿ ರೋಗ ವೇಗವಾಗಿ ಬೆಳೆದಿತ್ತು. ಈ ಗುಂಪಿನವರು 45ರ ಹೊತ್ತಿಗೆ ಹಲ್ಲೆಲ್ಲ ಕಳೆದುಕೊಳ್ಳುವ ಸ್ಥಿತಿ. ಶೇಕಡ 81 ಮಂದಿಯಲ್ಲಿ ನಿಧಾನವಾಗಿ ಬೆಳೆದಿತ್ತು. ಉಳಿದ ಶೇಕಡ 11 ಮಂದಿಯಲ್ಲಿ ಮಾತ್ರ ವಸಡು ಊದಿದ್ದು ಬಿಟ್ಟರೆ ಮುಂದಕ್ಕೆ ಹೋಗಿರಲಿಲ್ಲ. ಕಬ್ಬು ಸಿಗಿದ ಅಜ್ಜ ಈ ಹನ್ನೊಂದರ ಪೈಕಿ. ನಲವತ್ತೈದಕ್ಕೇ ಬೊಚ್ಚುಬಾಯಾದ ಅವರ ತಮ್ಮನ ಕಥೆ ಯಾರ ಮನೆಯಲ್ಲೂ ಹೇಳುವುದಿಲ್ಲ. ಮುಖ್ಯವಾಗಿ, ಆ ತೋಟದಲ್ಲಿ ಯಾರ ಬಾಯಿಗೂ ಮಷೀನ್ ಇಟ್ಟಿರಲಿಲ್ಲ.

ಅಜ್ಜನ ಜೊತೆಗೇ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಯೂ ಬರುತ್ತವೆ. ಇವು ಹಲ್ಲನ್ನು ಸವೆಸುತ್ತವೆ, ಅಷ್ಟೆ. ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ಎನಾಮೆಲ್ಲಿನೊಳಗೇ ಇರುತ್ತದೆ. ಅದನ್ನು ಕೊಳೆಯೆಂದುಕೊಂಡು ಇದ್ದಿಲಲ್ಲಿ ತಿಕ್ಕುವುದು ವ್ಯರ್ಥ ಶ್ರಮ. ನಶ್ಯದಲ್ಲಿ ಹಲ್ಲುಜ್ಜುವವರು ಈಗಲೂ ಇದ್ದಾರೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದ್ದರೂ ಬರೀ ನಶ್ಯವನ್ನು ಬೆರಳಿಗೆ ಹಚ್ಚಿಕೊಳ್ಳುವವರನ್ನು ಯಾರು ತಡೆಯಬೇಕು!

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಇನ್ನೊಂದು ನಂಬಿಕೆ: ರಕ್ತ ಬಂದ ಕಡೆ ಬ್ರಶ್ ಮುಟ್ಟಿಸಬಾರದು ಎಂಬುದು. ಇದೇ ಲೋ ತಂಡದ 1965ರ ಪ್ರಯೋಗದಲ್ಲಿ ವಸಡು ಚೆನ್ನಾಗಿದ್ದ 12 ಮಂದಿ ಬೇಕೆಂದೇ ಹಲ್ಲುಜ್ಜುವುದನ್ನು ಬಿಟ್ಟರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ರಕ್ತ ಬರುವ ಕಡೆಯೇ ಪಾಚಿ ಉಳಿದಿದೆ, ಅಲ್ಲೇ ಬ್ರಶ್ ಹೋಗಬೇಕು. ಮೆತ್ತನೆಯ ಬ್ರಶ್, ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಜೋರಿಲ್ಲದೆ. ಬೀಡಿ ಸಿಗರೇಟು ಸೇದುವವರು ‘ನನಗೆ ರಕ್ತವೇ ಬರಲ್ಲ’ ಎಂದು ನೆಮ್ಮದಿಯಾಗಿರುತ್ತಾರೆ. ಹೊಗೆ ವಸಡಿನ ರಕ್ತಸ್ರಾವವನ್ನು ತಗ್ಗಿಸುತ್ತದೆ, ರೋಗವನ್ನಲ್ಲ.

ಹಾಗೆಂದು ಹಲ್ಲಿನ ಡಾಕ್ಟರುಗಳೆಲ್ಲ ನಿರ್ದೋಷಿಗಳು ಎನ್ನಲಾರೆ. ಈ ಭಯ ಬೆಳೆಯಲು ಅವರ ಮೌನವೂ ಕಾರಣ. ಮೂಳೆ ಹೋಗಿದೆ, ಗಾರೆ ತೆಗೆದರೆ ಸ್ವಲ್ಪ ದಿನ ಹಲ್ಲು ಅಲ್ಲಾಡಬಹುದು ಎಂದು ಮೊದಲೇ ಹೇಳಿ ಕನ್ನಡಿ ತೋರಿಸುವವರು ಎಷ್ಟು ಜನ? ಇನ್ನು ಆರು ತಿಂಗಳಿಗೊಮ್ಮೆ ಎಲ್ಲರೂ ಕ್ಲೀನ್ ಮಾಡಿಸಲೇಬೇಕೆಂಬ ಬೋರ್ಡು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ನೋಡಿದ್ದು ನಿಯಮಿತವಾಗಿ ತಪಾಸಣೆಗೆ ಹೋಗುವ, ತೀವ್ರ ವಸಡುರೋಗವಿಲ್ಲದ ವಯಸ್ಕರನ್ನು. ಅಂಥವರಲ್ಲಿ ಎರಡು-ಮೂರು ವರ್ಷಗಳ ಅವಧಿಗೆ ಈ ನಿಗದಿತ ಸ್ಕೇಲಿಂಗಿನಿಂದ ವಸಡಿನ ಊತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ ಕಾಯಿಲೆಯವರ, ಕಡ್ಡಿಪುಡಿ ಹಾಕುವವರ, ಆಗಲೇ ಮೂಳೆ ಕಳೆದುಕೊಂಡವರ ಲೆಕ್ಕ ಬೇರೆ.

ಡಾಕ್ಟರ ಹತ್ತಿರ ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯೊಂದಿರುತ್ತದೆ. ಹಲ್ಲು ವಸಡಿನ ನಡುವೆ ಅದನ್ನು ಇಳಿಸಿದರೆ ಆರೋಗ್ಯವಂತರಲ್ಲಿ 3 ಮಿಲಿಮೀಟರ್ ದಾಟುವುದಿಲ್ಲ. ಕ್ಲೀನ್ ಮಾಡುವ ಮೊದಲು ಆ ಅಳತೆಯನ್ನು ಬರೆದುಕೊಡಿ ಎಂದು ಕೇಳಿ. ಎಲ್ಲ ಕಡೆ 2, 3 ಬಂದು ರಕ್ತವೂ ಇಲ್ಲದವರು ಆರು ತಿಂಗಳಿಗೇ ಯಾಕೆ ಬರಬೇಕೆಂದು ಡಾಕ್ಟರನ್ನೇ ವಿಚಾರಿಸಲಿ. 6, 7 ಬಂದವರು ಮೂರು ತಿಂಗಳಿಗೇ ಬಾ ಎಂದರೂ ತಕರಾರಿಲ್ಲದೆ ಹೋಗಲಿ.