ಇಟ್ಟುಕೊಂಡ ಕಾದಂಬರಿಗಳು

ಮುಂಬಯಿಯ ಮನೆಗಳಲ್ಲಿ ಪುಸ್ತಕಕ್ಕೆ ಸಿಗುವ ಸ್ಥಳವೆಷ್ಟೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಂಚದಡಿ ಪೆಟ್ಟಿಗೆ, ಮಾಳಿಗೆಯಲ್ಲಿ ಹಾಸಿಗೆ, ಗೋಡೆಯಲ್ಲಿ ದೇವರು. ಮಿಕ್ಕ ಎರಡು ಮೊಳ ಜಾಗದಲ್ಲಿ ಕಾದಂಬರಿಗಳು. ಆದ್ದರಿಂದ ಇಲ್ಲಿ ಕಾದಂಬರಿಯನ್ನು ಓದುವುದು ಒಂದು ಮಾತು, ಇಟ್ಟುಕೊಳ್ಳುವುದು ಇನ್ನೊಂದು ಮಾತು. ನಮ್ಮ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಲಿದ್ದಾರೆ. ಅಲ್ಲಿಯವರೆಗೆ ಬಾಡಿಗೆಯ ಚಿಕ್ಕ ಮನೆ. ಇದನ್ನೆಲ್ಲ ಇನ್ನು ಯಾರು ಓದುತ್ತಾರೆ ಎಂದು ಮಕ್ಕಳು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹೀಗಾಗಿ ಯಾವುದನ್ನು ಏತಕ್ಕೆ ಇಟ್ಟುಕೊಳ್ಳಬೇಕೆಂದು ಒಂದೊಂದನ್ನೇ ತೆಗೆದು ಮತ್ತೆ ಓದುತ್ತ ಬಂದೆವು. ವಿಮರ್ಶೆಗೆ ಇದಕ್ಕಿಂತ ನಿಷ್ಠುರವಾದ ಒರೆಗಲ್ಲು ಬೇರೊಂದಿರಲಾರದು.

ಕೆಲವನ್ನು ಬೇಗನೆ ಬಿಟ್ಟುಕೊಟ್ಟೆವು. ವಾರಪತ್ರಿಕೆಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಾರದಿಂದ ಹೊಲಿದು, ರಟ್ಟು ಹಾಕಿಸಿಟ್ಟ ಕಟ್ಟುಗಳು ನಮ್ಮಂತೆ ಅನೇಕರ ಮನೆಗಳಲ್ಲಿ ಇದ್ದವು. ಆ ಹೊಲಿಗೆಯ ಮೇಲಿರುವ ಮಮತೆ ಕಥೆಯ ಮೇಲೆ ಉಳಿದಿಲ್ಲ. ಅವುಗಳ ನಡುವೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಮಾತ್ರ ಗಟ್ಟಿಯಾಗಿ ನಿಂತಿತು. 1976ರಲ್ಲಿ ಬಂದ ಈ ಚಿಕ್ಕ ಪುಸ್ತಕ ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘ ಬಾಳನ್ನು ಕಣ್ಣೀರು ಬೇಡದೆ ಹೇಳುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಪಾಟಿನ ಅರ್ಧ ಗೇಣು ನುಂಗುವ ಗ್ರಂಥ. ಕರಾವಳಿಯ ನಮಗೆ ಅದರ ಕಾಡುದಾರಿ ಪಳಗಲು ಬಹಳ ಕಾಲ ಹಿಡಿಯಿತು. ಆದರೆ ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಮನೆಯಿಂದ ಹೊರಗೆ ಕಳಿಸುವ ಧೈರ್ಯ ಯಾರಿಗಿದೆ?

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹೊರನಾಡಿನ ಕನ್ನಡಿಗರಲ್ಲಿ ಈ ಪುಸ್ತಕಕ್ಕೆ ಒಂದು ಬಗೆಯ ಪೂಜೆ ಸಲ್ಲುತ್ತದೆ. ಹೆಸರೇ ಕಾರಣ. ಮದರಾಸಿನಲ್ಲಿ ಓದಿ, ಕೆಲಸಕ್ಕಾಗಿ ಮುಂಬಯಿಗೂ ಬಂದು, ಕೊನೆಗೆ ಕೋಡಿಯ ನೆಲಕ್ಕೆ ಮರಳುವ ರಾಮನಲ್ಲಿ ನಾವು ನಮ್ಮನ್ನೇ ಕಾಣಬಯಸುತ್ತೇವೆ. ನಿವೃತ್ತಿಯ ನಂತರ ಊರಿಗೆ ಹೋಗಿ ನೆಲೆಸುತ್ತೇವೆಂದು ಹೇಳಿಕೊಂಡೇ ನಮ್ಮವರು ಎಷ್ಟು ಜನ ಇಲ್ಲಿ ನಾಲ್ಕು ದಶಕ ಕಳೆಯಲಿಲ್ಲ! ಆದರೆ ಕಾದಂಬರಿಯನ್ನು ನಿಧಾನವಾಗಿ ಓದಿದರೆ ಅದು ರಾಮನ ಕಥೆಯಾಗಿ ಉಳಿಯುವುದಿಲ್ಲ. ಮೂರು ತಲೆಮಾರಿನ ಈ ಕಥೆಯಲ್ಲಿ ಅಜ್ಜ ರಾಮ ಐತಾಳರಿಗೆ ಪೌರೋಹಿತ್ಯ. ಮಗ ಲಚ್ಚನಿಗೆ ಇಂಗ್ಲಿಷ್ ವಿದ್ಯೆ ಮತ್ತು ದುಶ್ಚಟ. ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಂತವರು ಐತಾಳರ ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ಮಳೆಗಾಲದ ಆ ದುಡಿಮೆಯನ್ನು ಕಾರಂತರು ಹೊಗಳಿಕೆಯ ಒಂದು ಮಾತನ್ನೂ ಸೇರಿಸದೆ ಬರೆದಿದ್ದಾರೆ. ಆಮೇಲೆ ಸೊಸೆ ನಾಗವೇಣಿ. ಗಂಡ ಹಾಳುಮಾಡಿದ್ದನ್ನೆಲ್ಲ ಸಹಿಸಿ ಮಗನನ್ನು ಬೆಳೆಸಿದವಳು.

ಹೊರಟು ಹೋಗದೆ ಉಳಿದ ಇವರಿಲ್ಲದಿದ್ದರೆ ರಾಮ ಮರಳುವುದಕ್ಕೆ ಮಣ್ಣೇ ಇರುತ್ತಿರಲಿಲ್ಲ. ನಮ್ಮ ಮನೆತನಗಳಲ್ಲಿಯೂ ಹಾಗೆಯೇ ಅಲ್ಲವೆ? ಅಣ್ಣಂದಿರು ಬೋಟು ಹತ್ತಿ ಮುಂಬಯಿಗೆ ಬಂದರು; ಹಿತ್ತಿಲು, ಹಟ್ಟಿ, ಮುದಿ ಅತ್ತೆ, ಗೇಣಿಯ ಲೆಕ್ಕ ಇವೆಲ್ಲ ಅತ್ತಿಗೆಯ ತಲೆಗೆ. ಊರಿನ ನೆನಪಿಗಾಗಿ ಈ ಪುಸ್ತಕ ಇಟ್ಟುಕೊಂಡವರು ಈ ಲೆಕ್ಕವನ್ನೂ ಜತೆಗೆ ಇಟ್ಟುಕೊಳ್ಳಬೇಕು. ಒಂದು ಕೊರತೆಯನ್ನೂ ಹೇಳಿಬಿಡುತ್ತೇವೆ: ಕಡಲಿನ ಮೊರೆತ, ಹೊಳೆಯ ನೆರೆ ಇವುಗಳ ಮುಂದೆ ಕಾರಂತರ ಪಟ್ಟಣಗಳು ತೆಳುವಾಗಿ ಕಾಣುತ್ತವೆ. ಪಟ್ಟಣದಲ್ಲಿ ಅವರ ಲೇಖನಿಗೆ ಆತುರ.

ಆ ಪಟ್ಟಣ ತುಂಬಿ ಬಂದದ್ದು ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದವರು. 2014ರಲ್ಲಿ ಇಲ್ಲಿಯೇ ತೀರಿಕೊಂಡರು. 1979ರ ಈ ಕಾದಂಬರಿಯ ನಾಗಪ್ಪ ಕಂಪೆನಿಯೊಂದರ ದೊಡ್ಡ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ಆಪಾದನೆ ಏನೆಂಬುದು ಅವನಿಗೇ ಸ್ಪಷ್ಟವಿಲ್ಲ. ಕಾಫ್ಕಾನ ಹೆಸರು ತರುವುದು ವಿಮರ್ಶಕರಿಗೆ ರೂಢಿಯಾಗಿದೆ. ನಮಗೆ ಆ ಹೋಲಿಕೆ ಅರ್ಧವೇ ಒಪ್ಪಿಗೆ. ನಾಗಪ್ಪನನ್ನು ಬೇಟೆಯಾಡುವುದು ಮುಖವಿಲ್ಲದ ಯಂತ್ರವೊಂದೇ ಅಲ್ಲ. ಹಳೆಯ ಪರಿಚಯದ ಶ್ರೀನಿವಾಸನಂಥವರ ಕೈಯಲ್ಲಿ ಅವನ ಹಿಂದಿನ ಬದುಕೇ ಆಯುಧವಾಗುತ್ತದೆ. ಪರಸ್ಥಳದಲ್ಲಿ ನಮ್ಮವರೆಂದರೆ ಆಸರೆ ಎಂದು ಸಭೆಗಳಲ್ಲಿ ನಾವು ಭಾಷಣ ಮಾಡುತ್ತೇವೆ. ನಮ್ಮನ್ನು ಬಲ್ಲವರೇ ನಮಗೆ ಹೆಚ್ಚು ಅಪಾಯಕಾರಿಗಳೂ ಆಗಬಲ್ಲರೆಂಬುದನ್ನು ಬರೆದು ತೋರಿಸಿದವರು ಚಿತ್ತಾಲರು. ನಾಗಪ್ಪನ ತನ್ನೊಳಗಿನ ಮಾತು ಕೆಲವೆಡೆ ಬೇಕಾದ್ದಕ್ಕಿಂತ ಉದ್ದವಾಗಿದೆ, ಹೆಂಗಸರೆಲ್ಲ ಅವನ ಕಣ್ಣಿಗೆ ಕಂಡಷ್ಟೇ ನಮಗೆ ಕಾಣುತ್ತಾರೆ. ಆದರೂ ಈ ಊರಿನಲ್ಲಿ ಸಂಬಳಕ್ಕೆ ದುಡಿದವನಿಗೆ ಆ ಭಯ ಚೆನ್ನಾಗಿ ಗೊತ್ತು.

‘ಶಿಕಾರಿ’ಯ ಪಕ್ಕದಲ್ಲಿ ಉಡುಪಿಯ ಕಡೆಯ ವ್ಯಾಸರಾಯ ಬಲ್ಲಾಳರ ‘ಬಂಡಾಯ’ವನ್ನು ಇಟ್ಟಿದ್ದೇವೆ. ಕಾರ್ಮಿಕ ಹೋರಾಟದ ಈ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಚಿತ್ತಾಲರಲ್ಲಿ ಒಬ್ಬನೇ ಒಬ್ಬ ನಡುಗುತ್ತಾನೆ. ಬಲ್ಲಾಳರಲ್ಲಿ ಜನ ಕೂಡಿ ನಿಲ್ಲಲು ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಈ ನಗರದ ದುಡಿಮೆಯ ಎರಡು ಮುಖಗಳು ಕಾಣುತ್ತವೆ.

ಮಕ್ಕಳ ವಿಷಯ. ಊಟವಾದ ಮೇಲೆ ‘ಶಿಕಾರಿ’ಯನ್ನು ಗಟ್ಟಿಯಾಗಿ ಓದತೊಡಗಿದೆವು. ಹಿರಿಯ ಮಗ ಕಂಪೆನಿಯಲ್ಲಿ ಕೆಲಸದಲ್ಲಿರುವವನು. ಫೋನು ಕೆಳಗಿಟ್ಟು, “ಅಪ್ಪಾ, ಆ ಕಾಗದದಲ್ಲಿ ಏನು ಬರೆದಿತ್ತು, ಮೊದಲು ಅದನ್ನು ಓದಿ” ಎಂದ. ಅಕ್ಷರ ತಿಳಿಯದಿದ್ದರೂ ಕಥೆ ಅವನದಾಗಿತ್ತು. ‘ಮರಳಿ ಮಣ್ಣಿಗೆ’ ಅಷ್ಟು ಸುಲಭವಾಗಿ ಸಾಗುತ್ತಿಲ್ಲ. ಸದ್ಯ ಪಾರೋತಿ, ಸರಸೋತಿಯರು ಗದ್ದೆಯಲ್ಲಿದ್ದಾರೆ. ನಾಟಿ, ನೇಜಿ, ಅಗೇಡಿ ಎಂಬ ಮಾತು ಬಂದಲ್ಲೆಲ್ಲ ನಿಲ್ಲಿಸಿ ಅರ್ಥ ಹೇಳಬೇಕಾಗುತ್ತದೆ. ದಿನಕ್ಕೆ ನಾಲ್ಕು ಪುಟ ಆದರೆ ಹೆಚ್ಚು.