ರೊಟ್ಟಿ ತಿರುವಿದಂಗಲ್ಲ ಮನಿ

ಅಮೆರಿಕದ ಎಚ್‌ಜಿಟಿವಿ ಚಾನೆಲ್‌ನಲ್ಲಿ 2013ರಿಂದ 2022ರವರೆಗೆ ‘ಫ್ಲಿಪ್ ಆರ್ ಫ್ಲಾಪ್’ ಅನ್ನೋ ಕಾರ್ಯಕ್ರಮ ಬರ್ತಿತ್ತು. ಕ್ಯಾಲಿಫೋರ್ನಿಯಾದ ಒಂದು ಜೋಡಿ, ಇಬ್ಬರೂ ರಿಯಲ್ ಎಸ್ಟೇಟ್ ಏಜೆಂಟರು. ಪಾಳುಬಿದ್ದ ಮನೆ ಕೊಳ್ಳುತ್ತಾರೆ, ಗೋಡೆ ಒಡೆಯುತ್ತಾರೆ, ಒಳಗಡೆ ಏನೋ ಒಂದು ಅನಾಹುತ ಕಾಣುತ್ತದೆ, ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಕೊನೆಗೆ ಬಿಳಿ ಅಡುಗೆಮನೆ, ಹೊಸ ಲೈಟು, ಜೊತೆಗೆ ತೆರೆಯ ಮೇಲೆ ಲಾಭದ ಅಂಕಿ. ಅರ್ಧ ಗಂಟೆಯಲ್ಲಿ ಎಲ್ಲಾ ಮುಗೀತು. ಜೋಡಿ ನಡುವೆ ಬೇರೆಯಾದರೂ ಕಾರ್ಯಕ್ರಮ ನಿಲ್ಲಲಿಲ್ಲ. ಅಷ್ಟರಮಟ್ಟಿಗೆ ಆ ಲಾಭದ ಅಂಕಿಗೆ ಜನ ಒಗ್ಗಿಹೋಗಿದ್ದರು.

ಈಗ ಅದರ ಮರಿಗಳು ನಮ್ಮ ಫೋನಿನಲ್ಲಿವೆ. ಭಾಷೆ ಯಾವುದಾದರೂ ಇರಲಿ, ಸೂತ್ರ ಒಂದೇ: “ಇಪ್ಪತ್ತಕ್ಕೆ ತಗೊಂಡ್ವಿ, ಎಂಟು ಹಾಕಿದ್ವಿ, ಮೂವತ್ತೈದಕ್ಕೆ ಮಾರಿದ್ವಿ.” ಏಳು ಲಕ್ಷ ಲಾಭ. ಕೇಳೋಕೆ ರೊಟ್ಟಿ ತಿರುವಿ ಹಾಕಿದಷ್ಟು ಸಲೀಸು.

ಈ ಪ್ರಕಾರದ ಬಗ್ಗೆ ನನ್ನ ತಕರಾರು ಏನು ಅಂತ ಹೇಳೋದಕ್ಕೆ ಅದನ್ನು ಮುಂಡರಗಿಯಲ್ಲಿ ಇಟ್ಟು ನೋಡಬೇಕು. ಕಾರಣ ಸರಳ. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನಮ್ಮಲ್ಲಿ ಅರ್ಧ ಜನಕ್ಕೆ ಇಂಥದ್ದೇ ಒಂದು ತಾಲ್ಲೂಕು ಊರಲ್ಲಿ ಹಳೇ ಮನೆ ಇದೆ. ದೀಪಾವಳಿಗೆ ಹೋದಾಗ ಯಾರಾದರೂ ಒಬ್ಬರು ಮಾತು ತೆಗೆದೇ ತೆಗೀತಾರೆ: “ಹಂತ ಹಂತವಾಗಿ ರಿಪೇರಿ ಮಾಡ್ಸಿ ಮಾರಿಬಿಡೂಣು, ಚಲೋ ರೇಟ್ ಬರ್ತೈತಿ.” ವಿಡಿಯೋ ನೋಡಿ ಬಂದ ಮಾತು ಅದು. ಆ ಮನೆಯಲ್ಲಿ ಅಪ್ಪ-ಅವ್ವ ವಾಸ ಇರ್ತಾರೆ, ಹಾಕೋ ದುಡ್ಡು ನಮ್ಮ ಹೆಸರಿನ ಪರ್ಸನಲ್ ಲೋನ್ ಆಗಿರ್ತದೆ. ಹಾಗಾಗಿ ಇದು ಬರೀ ಟಿವಿ ವಿಮರ್ಶೆಯ ವಿಷಯ ಅಲ್ಲ.

ಮೊದಲು ಆ ಏಳು ಲಕ್ಷವನ್ನೇ ಹಿಡಿಯೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. ಶುಲ್ಕ ಮತ್ತು ತೆರಿಗೆಯ ದರಗಳು ಮಾತ್ರ ಸರ್ಕಾರದವು.

ಮನೆ 20 ಲಕ್ಷ. ಪುರಸಭೆ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 1.52 ಲಕ್ಷ. ಇದಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಸಾಲ ಕೊಡೋದಿಲ್ಲ, ಕೈಯಿಂದಲೇ ಹಾಕಬೇಕು. ರಿಪೇರಿ 8 ಲಕ್ಷ. ಹಳೇ ಮನೆಗೆ ಶೇ. 15 ಹೆಚ್ಚುವರಿ ತೆಗೆದಿಡದೆ ಇಳಿಯಬಾರದು, ಇಟ್ಟಿದ್ದು ಖರ್ಚಾಗಿಯೇ ತೀರುತ್ತದೆ, ಆದ್ದರಿಂದ 9.2 ಲಕ್ಷ. ಇದರಲ್ಲಿ 15 ಲಕ್ಷ ಸಾಲ, ವರ್ಷಕ್ಕೆ ಶೇ. 12ರಂತೆ, ಕೊಂಡ ದಿನದಿಂದ ಮಾರುವ ದಿನದವರೆಗೆ 18 ತಿಂಗಳು: ಬಡ್ಡಿ 2.7 ಲಕ್ಷ. ಮಾರುವಾಗ ದಲಾಲಿ ಶೇ. 2, ಅಂದರೆ 70 ಸಾವಿರ. ಎಲ್ಲಾ ಕೂಡಿಸಿ 34.12 ಲಕ್ಷ. 35ಕ್ಕೆ ಮಾರಿದರೆ ಉಳಿಯೋದು 88 ಸಾವಿರ.

ಇನ್ನೂ ತೆರಿಗೆ ಬಂದಿಲ್ಲ. 24 ತಿಂಗಳೊಳಗೆ ಮಾರಿದರೆ ಅದು ಅಲ್ಪಾವಧಿ ಲಾಭ, ಸಂಬಳದ ಜೊತೆ ಕೂಡಿ ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ. ಶೇ. 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ ಶೇ. 31.2. ಬಡ್ಡಿಯನ್ನು ವೆಚ್ಚಕ್ಕೆ ಸೇರಿಸಬಹುದೋ ಇಲ್ಲವೋ ಅನ್ನೋದು ಸಿಎ ಹತ್ತಿರ ಕೂತು ಮಾತಾಡಬೇಕಾದ ವಿಷಯ. ಸೇರಿಸದಿದ್ದರೆ 3.58 ಲಕ್ಷದ ಮೇಲೆ ಸುಮಾರು 1.12 ಲಕ್ಷ ತೆರಿಗೆ. ಏಳು ಲಕ್ಷದ ಲಾಭ ಹೋಗಿ ಕೈಯಿಂದ 24 ಸಾವಿರ ಕಳೆದುಕೊಂಡಂತಾಯಿತು. ಹಾಗಾದರೆ ಎರಡು ವರ್ಷ ದಾಟಿಸಿ ಮಾರೋಣ, ಶೇ. 12.5 ಅಷ್ಟೇ ಅಲ್ಲವೇ ಅಂದರೆ, ತೆರಿಗೆಯಲ್ಲಿ 65 ಸಾವಿರ ಉಳಿಯುತ್ತದೆ, ಆರು ತಿಂಗಳ ಬಡ್ಡಿ 90 ಸಾವಿರ ಹೋಗುತ್ತದೆ.

ಇದು ಆ ಕಾರ್ಯಕ್ರಮದವರಿಗೆ ಗೊತ್ತಿಲ್ಲ ಅಂತಲ್ಲ. ಅಲ್ಲಿನ ಕಸುಬುದಾರರಲ್ಲಿ ಒಂದು ರೂಢಿಯ ನಿಯಮ ಇದೆ: ರಿಪೇರಿ ಆದಮೇಲೆ ಎಷ್ಟಕ್ಕೆ ಮಾರಬಹುದೋ ಅದರ ಶೇ. 70ರಲ್ಲಿ ರಿಪೇರಿ ಖರ್ಚು ಕಳೆದು ಉಳಿದಿದ್ದಕ್ಕಿಂತ ಹೆಚ್ಚು ಕೊಟ್ಟು ಮನೆ ಕೊಳ್ಳಬೇಡ. ನಮ್ಮ ಉದಾಹರಣೆಗೆ ಅದು 16.5 ಲಕ್ಷ. ಇಪ್ಪತ್ತಕ್ಕೆ ಕೊಂಡಾಗಲೇ ಆಟ ಮುಗಿದಿತ್ತು. ಲೆಕ್ಕ ಮಾರುವ ಬೆಲೆಯಿಂದ ಹಿಂದಕ್ಕೆ ಬರಬೇಕು, ಕೊಳ್ಳುವ ಬೆಲೆಯಿಂದ ಮುಂದಕ್ಕಲ್ಲ. ಆದರೆ ಹಿಂದಕ್ಕೆ ಬರುವ ಲೆಕ್ಕದಲ್ಲಿ ಕಥೆ ಇಲ್ಲ, ಗೋಡೆ ಒಡೆಯೋದರಲ್ಲಿದೆ. ಕ್ಯಾಮೆರಾ ಅಲ್ಲಿಗೇ ಹೋಗುತ್ತದೆ. ಗೋಡೆಯೊಳಗಿನ ಅನಾಹುತ ಎಪಿಸೋಡಿನ ತಿರುವು ಆಗುತ್ತದೆ, ತಿಂಗಳ ತಿಂಗಳ ಬಡ್ಡಿಗೆ ಮುಖವೇ ಇಲ್ಲ. ಈ ಪ್ರಕಾರದ ಮೂಲ ದೋಷ ಇದೇ: ಕಾಲವನ್ನು ಎಡಿಟ್ ಮಾಡಿ ತೆಗೆದುಬಿಡುತ್ತದೆ, ಖರ್ಚು ಇರೋದು ಕಾಲದಲ್ಲೇ.

ಎರಡನೇ ದೋಷ ಮಾರುವ ಬೆಲೆಯದು. ಅಮೆರಿಕದಲ್ಲಿ ಅಕ್ಕಪಕ್ಕದ ಮನೆ ಕಳೆದ ತಿಂಗಳು ಎಷ್ಟಕ್ಕೆ ಹೋಯಿತು ಅನ್ನೋದು ಏಜೆಂಟರಿಗೆ ದಾಖಲೆಯಲ್ಲೇ ಸಿಗುತ್ತದೆ. ಅಂಥ ಕಡೆಯೂ ಜಿಲೋ ಅನ್ನೋ ದೊಡ್ಡ ಕಂಪನಿ ಮನೆ ಕೊಂಡು, ಸಣ್ಣಪುಟ್ಟ ರಿಪೇರಿ ಮಾಡಿ ಮಾರುವ ತನ್ನ ವ್ಯವಹಾರವನ್ನು 2021ರ ನವೆಂಬರ್‌ನಲ್ಲಿ ಮುಚ್ಚಬೇಕಾಯಿತು. ಒಂದೇ ತ್ರೈಮಾಸಿಕದಲ್ಲಿ 30 ಕೋಟಿ ಡಾಲರಿಗೂ ಹೆಚ್ಚು ಮೌಲ್ಯ ಕಡಿಮೆ ಮಾಡಿ ಬರೆದುಕೊಂಡಿತು, ಕಾಲು ಭಾಗ ನೌಕರರನ್ನು ಮನೆಗೆ ಕಳಿಸುತ್ತೇವೆ ಅಂತ ಸಾರಿತು. ಕೆಲವೇ ತಿಂಗಳ ಮುಂದಿನ ಬೆಲೆಯನ್ನು ಅವರ ಕಂಪ್ಯೂಟರು ಸರಿಯಾಗಿ ಹೇಳಲಿಲ್ಲ.

ಇನ್ನು ಮುಂಡರಗಿ. ಇಲ್ಲಿ ಕಾಗದದ ಬೆಲೆ ಒಂದು, ಕೈಯಿಂದ ಕೈಗೆ ಹೋದ ಬೆಲೆ ಇನ್ನೊಂದು ಅನ್ನೋದು ಊರಿಗೇ ಗೊತ್ತಿರುವ ಗುಟ್ಟು. ಕಾಗದಕ್ಕೆ ಬಾರದ ದುಡ್ಡಿಗೆ ಬ್ಯಾಂಕ್ ಸಾಲವೂ ಇಲ್ಲ, ನಾಳೆ ತೆರಿಗೆ ಲೆಕ್ಕದಲ್ಲಿ ವೆಚ್ಚ ಅಂತ ತೋರಿಸೋಕೂ ಬರಲ್ಲ. ಕೊಳ್ಳೋರು ಯಾರು? ಊರಿನ ವ್ಯಾಪಾರಸ್ಥರು, ನೌಕರದಾರರು, ಮಕ್ಕಳ ಸಾಲಿಗೆ ಅಂತ ಡಂಬಳ, ಹಮ್ಮಿಗಿ ಕಡೆಯಿಂದ ಬರೋರು. ಅವರು ಮೊದಲು ಕೇಳೋದು ಉತಾರ ಯಾರ ಹೆಸರಿನಲ್ಲಿದೆ, ರಸ್ತೆ ಎಷ್ಟು ಅಗಲ, ಬಾಗಿಲು ಯಾವ ದಿಕ್ಕಿಗೆ, ನಳ ಎಷ್ಟು ದಿನಕ್ಕೊಮ್ಮೆ ಬರ್ತದೆ. ನೀವು ಮೂರು ಲಕ್ಷ ಸುರಿದ ಮಾಡ್ಯುಲರ್ ಕಿಚನ್ ನೋಡಿ ಮೂರು ಲಕ್ಷ ಜಾಸ್ತಿ ಕೊಡೋ ಗಿರಾಕಿ ಸಿಗೋದು ಕಷ್ಟ. “ಇದನ್ನ ತೆಗೆಸಿ ಒಲಿ ಇತ್ಲಾಗ ಇಡಬೇಕ್ರಿ” ಅಂದರೂ ಅಂದರೇ.

ಅಂದರೆ ಇಲ್ಲಿ ಬೆಲೆ ಏರಿಸುವ ಮೊದಲ ರಿಪೇರಿ ಮನೆಯದ್ದಲ್ಲ, ಕಾಗದದ್ದು. ಅಜ್ಜನ ಹೆಸರಿನಲ್ಲೇ ಉಳಿದ ಉತಾರ, ಆಗದೇ ಉಳಿದ ವಾಟ್ನಿ, ಅಕ್ಕ-ತಂಗಿಯರ ಸಹಿ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ಗಟ್ಟಿ ಮಾಡಿತು. ಅರಿಶಿನ-ಕುಂಕುಮ ಕೊಟ್ಟು ಸಹಿ ಹಾಕಿಸಿಕೊಂಡು ಕಳಿಸೋ ಕಾಲ ಅಲ್ಲ ಇದು, ಆಗಿರಲೂಬಾರದಿತ್ತು. ಅವರ ಪಾಲನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಬೇಕು. ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಇವೆಲ್ಲ ಸರಿಯಾದರೆ ಒಂದು ಇಟ್ಟಂಗಿ ಕದಲಿಸದೆ ಮನೆಯ ಬೆಲೆ ಏರುತ್ತದೆ. ಇದಕ್ಕೆ ಬೇಕಾದ್ದು ಬಹುತೇಕ ಓಡಾಟ ಮತ್ತು ಸಹನೆ. ಯಾವ ವಿಡಿಯೋದಲ್ಲೂ ಇದು ಬರಲ್ಲ, ಯಾಕಂದರೆ ಕಚೇರಿಯ ಬೆಂಚಿನ ಮೇಲೆ ಕೂತವನನ್ನು ಯಾರು ನೋಡ್ತಾರೆ?

ಹಾಗಂತ ಈ ಪ್ರಕಾರದಲ್ಲಿ ಒಳ್ಳೇದೇ ಇಲ್ಲ ಅನ್ನಲಾರೆ. ಕೆಲಸ ಶುರುವಿಗೆ ಮುಂಚೆ ಪಟ್ಟಿ ಮಾಡು, ಪ್ರತಿ ಸಾಲಿಗೂ ಒಂದು ಅಂಕಿ ಬರಿ, ಕೆಲಸವನ್ನು ಹಂತಗಳಾಗಿ ಒಡೆ ಅನ್ನೋ ಶಿಸ್ತನ್ನು ಅದು ಕಲಿಸಿದೆ. ಆದರೆ ಹಂತ ಅನ್ನೋ ಮಾತಿನ ಅರ್ಥ ನಮ್ಮಲ್ಲಿ ಬೇರೆ. ನಮ್ಮ ಕಡೆ ಮನೆ ಕಟ್ಟಿದ್ದೇ ಸುಗ್ಗಿಗೊಂದು ಹಂತದಂತೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿಗೆ ರೇಟ್ ಬಂದ ವರ್ಷ ಪಡಸಾಲೆಗೆ ಫರಸಿ, ಬಾರದ ವರ್ಷ ಸುಮ್ಮನಿರೋದು. ಅದು ಸಾಲದಿಂದ ತಪ್ಪಿಸಿಕೊಳ್ಳುವ ಉಪಾಯ. ವಿಡಿಯೋದ ಹಂತ ಸಾಲ ಎತ್ತುವ ಉಪಾಯ: ಮೊದಲ ಹಂತ ತೋರಿಸಿ ಎರಡನೆಯದಕ್ಕೆ ಟಾಪ್-ಅಪ್, ಎರಡನೆಯದು ತೋರಿಸಿ ಮೂರನೆಯದಕ್ಕೆ. ಎರಡನ್ನೂ ಬೆರೆಸಿದರೆ ಕೆಟ್ಟದ್ದು: ಸುಗ್ಗಿಯ ನಿಧಾನ, ಸಾಲದ ಬಡ್ಡಿ. ಬ್ಯಾಂಕಿನವರು ಹೆಚ್ಚಾಗಿ ಮಣ್ಣಿನ ಗೋಡೆಯ ಮನೆಗೆ ಜಾಗದ ಬೆಲೆಯಷ್ಟೇ ಹಿಡಿಯುತ್ತಾರೆ. ಸಾಲ ಸಾಲದೆ ಬಂದಾಗ ಊರಲ್ಲಿ ಕೈಗಡ ಸಿಗುತ್ತದೆ, “ನೂರಕ್ಕ ಎರಡು” ಅಂತ. ಅದು ತಿಂಗಳಿಗೆ. ವರ್ಷಕ್ಕೆ ಶೇ. 24.

ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದ್ದು ಬಡ್ಡಿಯ ಇಂಥ ಲೆಕ್ಕದಿಂದ ರೈತನನ್ನು ಬಿಡಿಸೋದಕ್ಕೆ. ನೂರಿಪ್ಪತ್ತು ವರ್ಷ ಆದಮೇಲೆ ನಾವು ಮಾಡ್ಯುಲರ್ ಕಿಚನ್ನಿಗಾಗಿ ಅಲ್ಲಿಗೇ ವಾಪಸ್ ಹೋಗೋದು ಬೇಡ.

ಹಾಗಾದರೆ ಹಂತಗಳನ್ನು ಒಡೆಯೋದು ಹೇಗೆ? ನನಗೆ ಕಾಣುವ ಪರೀಕ್ಷೆ ಒಂದೇ. ಪ್ರತಿ ಹಂತದ ಕೊನೆಯಲ್ಲಿ ಕೇಳಿಕೊಳ್ಳಬೇಕು: ಇಲ್ಲಿಗೇ ನಿಂತರೆ? ನೌಕರಿ ಹೋಯಿತು, ಆಸ್ಪತ್ರೆ ಖರ್ಚು ಬಂತು, ಮಾರೋ ಮಾತು ಮುರಿದುಬಿತ್ತು. ಆಗ ಈ ಮನೆ ವಾಸಕ್ಕಾದರೂ, ಬಾಡಿಗೆಗಾದರೂ ಬರುತ್ತದೆಯೇ? ಬರದಿದ್ದರೆ ಅದು ಹಂತ ಅಲ್ಲ, ಅರ್ಧಕ್ಕೆ ಬಿಟ್ಟ ಕೆಲಸ.

ಮಾಳಿಗೆ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ಖಾರವಾಗುತ್ತದೆ. ಮಣ್ಣಿನ ಮೇಲ್ಮುದ್ದೆ ತೆಗೆದಾಗಲೇ ಯಾವ ತೊಲೆಗೆ ಒರಲೆ ಹತ್ತಿದೆ, ಯಾವ ಜಂತಿ ಗೋಡೆಯೊಳಗೆ ಕೊಳೆತಿದೆ ಗೊತ್ತಾಗೋದು. ಗೌಂಡಿ ಪ್ರಾಮಾಣಿಕನಾಗಿದ್ದರೆ ಅವನ ಎಸ್ಟಿಮೇಟ್ ಹೀಗಿರುತ್ತದೆ: “ಬಿಚ್ಚಿದ ಮ್ಯಾಲೆ ಹೇಳ್ತೀನ್ರಿ.” ಏಪ್ರಿಲ್‌ನಲ್ಲಿ ಬಿಚ್ಚಿ, ಮೇ ತಿಂಗಳಲ್ಲಿ ದುಡ್ಡು ತೀರಿ, ಜೂನ್‌ನಲ್ಲಿ ಮಿರಗದ ಮಳೆ ಹಿಡಿದರೆ ಮಣ್ಣಿನ ಗೋಡೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಮಾಳಿಗೆಯ ಪೂರ್ತಿ ದುಡ್ಡು, ಹೆಚ್ಚುವರಿ ಸಮೇತ, ಕೈಯಲ್ಲಿರದೆ ಹಾರೆ ಎತ್ತಿಸಬಾರದು. ಮಾಳಿಗೆ, ಗೋಡೆ, ನೀರು, ಕರೆಂಟು ಮೊದಲು. ಬಣ್ಣ, ಟೈಲ್ಸು ಕಟ್ಟಕಡೆಗೆ. ಕ್ಯಾಮೆರಾ ಇಷ್ಟಪಡೋದು ಸರಿಯಾಗಿ ಇದರ ತಿರುವುಮುರುವು.

ಈ ಪರೀಕ್ಷೆಯಲ್ಲಿ ಪಾಸಾಗುವ ಒಂದು ಹಳೇ ಪದ್ಧತಿ ನಮ್ಮ ಪೇಟೆಗಳಲ್ಲೇ ಇದೆ. ರಸ್ತೆಗೆ ಮುಖ ಮಾಡಿದ ಮನೆಯ ಮುಂಭಾಗ ಒಡೆದು ಎರಡು ಶಟರ್ ಹಾಕೋದು. ಮತ್ತೆ ಉದಾಹರಣೆಯ ಲೆಕ್ಕ: ಖರ್ಚು 3 ಲಕ್ಷ, ತಲಾ 50 ಸಾವಿರ ಡಿಪಾಸಿಟ್, ತಲಾ 4 ಸಾವಿರ ಬಾಡಿಗೆ. ವರ್ಷಕ್ಕೆ 96 ಸಾವಿರ ಬಾಡಿಗೆ, ಬಡ್ಡಿ 36 ಸಾವಿರ. ಉಳಿದ 60 ಸಾವಿರ, ಕೈಗೆ ಬಂದ ಒಂದು ಲಕ್ಷ ಡಿಪಾಸಿಟ್ ಸೇರಿ ಹಿಂದಿನ ಕೋಣೆಯ ಕೆಲಸಕ್ಕೆ ದಾರಿ. ಮೊದಲ ಹಂತ ಎರಡನೆಯದನ್ನು ಸಾಕುತ್ತದೆ, ಮಾರುವ ಅವಸರ ಇಲ್ಲ. ಮಾರಲೇಬೇಕು ಅಂದರೂ ಬಾಡಿಗೆ ಬರುವ ಆಸ್ತಿಗೆ ಗಿರಾಕಿ ಬೇಗ ಸಿಗುತ್ತಾನೆ.

ಇದನ್ನೂ ಹೊಗಳಿ ಅಟ್ಟಕ್ಕೇರಿಸಲಾರೆ. ಡಿಪಾಸಿಟ್ ಅನ್ನೋದು ಬಡ್ಡಿಯಿಲ್ಲದ ಸಾಲ, ಬಾಡಿಗೆದಾರ ಬಿಟ್ಟುಹೋಗುವ ದಿನ ಎಣಿಸಿ ಕೊಡಬೇಕು. ಪುರಸಭೆಯ ಅನುಮತಿ ಬೇಕು, ಅಂಗಡಿ ಅಂದಮೇಲೆ ತೆರಿಗೆಯೂ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಹೋಗೋದು ಕಟ್ಟೆ ಮತ್ತು ಪಡಸಾಲೆ. ಸಂಜೆ ಅವ್ವ ಕೂತು ಹೋಗಿಬರೋರನ್ನು ಮಾತಾಡಿಸ್ತಿದ್ದ ಜಾಗ ಅದು. ಅದಕ್ಕೆ ಬೆಲೆ ಕಟ್ಟಲಾಗದು ಅನ್ನೋದು ಸುಲಭದ ಮಾತು. ನಾನು ಹೇಳೋದು, ಕಟ್ಟಲಾಗದಿದ್ದರೂ ಪಟ್ಟಿಯಲ್ಲಿ ಒಂದು ಸಾಲು ಬಿಡಿ, ಮುಂದೆ ಅವ್ವನ ಅಭಿಪ್ರಾಯ ಬರೀರಿ. ಅವರು “ಬ್ಯಾಡ” ಅಂದರೆ ಅದೂ ಒಂದು ಅಂಕಿಯೇ.

ಫ್ಲಿಪ್ ಕಾರ್ಯಕ್ರಮಗಳನ್ನು ನೋಡಬೇಡಿ ಅಂತ ಹೇಳಲ್ಲ, ನಾನೂ ನೋಡ್ತೀನಿ. ಆದರೆ ಕೊನೆಯ ಅಂಕಿ ಬಂದಾಗ ವಿಡಿಯೋ ನಿಲ್ಲಿಸಿ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ತಿಂಗಳು ಹಿಡೀತು, ದುಡ್ಡು ಯಾರದ್ದು, ಕಾಗದ ಯಾರ ಹೆಸರಿನಲ್ಲಿತ್ತು, ನಡುವೆ ನಿಂತಿದ್ದರೆ ಏನಾಗ್ತಿತ್ತು. ನಾಲ್ಕಕ್ಕೂ ಉತ್ತರ ಕೊಡುವ ವಿಡಿಯೋ ಸಿಕ್ಕರೆ ನನಗೂ ಕಳಿಸಿ. ಅಲ್ಲಿವರೆಗೆ, ಈ ಸಲ ಊರಿಗೆ ಹೋದಾಗ ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ ಉತಾರ ತೆಗೆಸಿ.