ಇಡುಗಂಟು ಕಾಯುವ ಲೆಕ್ಕ

2000ದ ವಿಶ್ವ ಪೋಕರ್ ಸರಣಿಯಲ್ಲಿ ಮುಖ್ಯ ಟೂರ್ನಿ ಗೆದ್ದು 15 ಲಕ್ಷ ಡಾಲರ್ ಪಡೆದ ಅಮೆರಿಕದ ಕ್ರಿಸ್ ಫರ್ಗುಸನ್, 2006ರಲ್ಲಿ ಆನ್‌ಲೈನ್ ಪೋಕರನ್ನು ಸೊನ್ನೆಯಿಂದ ಶುರುಮಾಡಿದರು. ಕೈಯಿಂದ ಒಂದು ಸೆಂಟೂ ಹಾಕದೆ, ಪ್ರವೇಶ ಶುಲ್ಕವಿಲ್ಲದ ಟೂರ್ನಿಗಳಲ್ಲಿ ಸಿಕ್ಕ ಚಿಲ್ಲರೆಯನ್ನೇ ಬೆಳೆಸಿ 10,000 ಡಾಲರ್ ಮುಟ್ಟಬೇಕೆಂಬುದು ಅವರ ಪಣ. ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು, ಮುಟ್ಟಿದರು. ಅವರು ಹಾಕಿಕೊಂಡ ಕಟ್ಟುಪಾಡು ಇಷ್ಟೇ: ನಗದು ಆಟದ ಮೇಜಿಗೆ ಇಡುಗಂಟಿನ, ಅಂದರೆ ಆಟಕ್ಕೆಂದೇ ತೆಗೆದಿಟ್ಟ ಒಟ್ಟು ಹಣದ, ಶೇ 5ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ, ಮುಂದಿರುವ ಹಣ ಶೇ 10 ದಾಟಿದರೆ ಎದ್ದು ಬರಬೇಕು, ಹಲವು ಮೇಜುಗಳ ಟೂರ್ನಿಗೆ ಶೇ 2 ಮೀರಬಾರದು, 1 ಡಾಲರ್ ಮತ್ತು ಅದಕ್ಕಿಂತ ಅಗ್ಗದ ಅಂಥ ಟೂರ್ನಿಗಳಿಗೆ ವಿನಾಯಿತಿ. ಪೋಕರ್ ಮಂದಿ ಇದನ್ನು ಹಣ ಬೆಳೆಸುವ ಸೂತ್ರವೆಂದೇ ಓದುತ್ತಾರೆ. ಆ ಓದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ಕಲಿಯಲು ಬೇಕಾದ ಕಾಲವನ್ನು ಅಗ್ಗವಾಗಿ ಕೊಂಡುಕೊಳ್ಳುವ ದಾರಿ ಇದು. ಹಣ ಬೆಳೆಯುವುದು ಬಿಡುವುದು ಕಲಿತದ್ದರ ಮೇಲೆ ನಿಂತಿದೆ.

ಮುಂದೆ ಹೋಗುವ ಮೊದಲು ಒಂದು ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಹಾಗಾಗಿ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ಕಡೆ ಪರವಾನಗಿಯಿರುವ ತಾಣಗಳಲ್ಲಿ ಆಡುವ ಕನ್ನಡಿಗರಿಗೆ ಇದು ಆಡುವ ಲೆಕ್ಕ. ಇಲ್ಲಿರುವವರಿಗೆ ಆಟವನ್ನು ಅರಿಯುವ ಲೆಕ್ಕ.

ಟೂರ್ನಿಗೆ ಮಿತಿ ಶೇ 2ಕ್ಕೆ ಇಳಿದದ್ದೇಕೆ ಎಂಬುದನ್ನು ಅಂಕಿಗಳೇ ಹೇಳುತ್ತವೆ. ಸಾಮಾನ್ಯವಾಗಿ ನೂರರಲ್ಲಿ 15 ಮಂದಿಗೆ ಬಹುಮಾನ ದಕ್ಕುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ಆಟಗಾರನೊಬ್ಬ ಸತತ ಹತ್ತು ಟೂರ್ನಿಗಳಲ್ಲಿ ಬರಿಗೈಲಿ ಏಳುವ ಸಂಭವ ಶೇ 20ರಷ್ಟು. ಹತ್ತೇ ಶುಲ್ಕದಷ್ಟು ಇಡುಗಂಟು ಇಟ್ಟುಕೊಂಡು ಕೂತವರಲ್ಲಿ ಐವರಿಗೊಬ್ಬರು ಒಂದೂ ಬಹುಮಾನ ಕಾಣದೆ ಬರಿದಾಗುತ್ತಾರೆ. ಇಪ್ಪತ್ತಿದ್ದರೆ ಆ ಸಂಭವ ಶೇ 4ಕ್ಕೆ ಇಳಿಯುತ್ತದೆ. ಐವತ್ತಿದ್ದರೆ ಸಾವಿರಕ್ಕೊಂದಕ್ಕೂ ಕಡಿಮೆ. ಇದೂ ಉದಾರ ಲೆಕ್ಕವೇ, ಏಕೆಂದರೆ ಕೆಳಗಿನ ಸ್ಥಾನಗಳ ಬಹುಮಾನ ಕಟ್ಟಿದ ಶುಲ್ಕಕ್ಕಿಂತ ತುಸುವೇ ಹೆಚ್ಚು. ಹಣವೆಲ್ಲ ಮೊದಲ ಮೂರು ಸ್ಥಾನಗಳ ಕಡೆ ವಾಲಿರುತ್ತದೆ. ನೂರು ಜನರ ಟೂರ್ನಿಯನ್ನು ಎಪ್ಪತ್ತಕ್ಕೊಂದು ಸಲ ಗೆಲ್ಲಬಲ್ಲವನು ನಿಜಕ್ಕೂ ಒಳ್ಳೆಯ ಆಟಗಾರ. ಅಂಥವನು ಕೂಡ ನೂರು ಟೂರ್ನಿ ಆಡಿ ಒಂದನ್ನೂ ಗೆಲ್ಲದಿರುವ ಸಂಭವ ಶೇ 24ರ ಹತ್ತಿರ. ತಿಂಗಳಿಡೀ ಸೋತವನು ಕೆಟ್ಟದಾಗಿ ಆಡಿದನೆಂದೂ ಹೇಳಲಾಗದು, ಒಂದು ರಾತ್ರಿ ಗೆದ್ದವನು ಕಲಿತನೆಂದೂ ಹೇಳಲಾಗದು. ಫಲಿತಾಂಶ ನಂಬಲರ್ಹವಾಗುವ ಹೊತ್ತಿಗೆ ನೂರಾರು ಟೂರ್ನಿ ಕಳೆದಿರಬೇಕು. ಅಲ್ಲಿಯವರೆಗೆ ಆಟದಲ್ಲಿ ಉಳಿದಿರುವುದೇ ಮೊದಲ ಕೆಲಸ.

ಉಳಿದರೆ ಸಾಕೇ? ಸಾಲದು. ಅಗ್ಗದ ಟೂರ್ನಿಯಲ್ಲಿ 1 ಡಾಲರ್ ಬಹುಮಾನದ ನಿಧಿಗೆ ಹೋದರೆ ಸುಮಾರು 10 ಸೆಂಟು ತಾಣದ ಕಮಿಷನ್. ಬೇರೆಯವರಷ್ಟೇ ಚೆನ್ನಾಗಿ ಆಡುವವನು ಪ್ರತಿ ಸಲವೂ ಸರಾಸರಿ ಆ 10 ಸೆಂಟನ್ನು ಕಳೆದುಕೊಳ್ಳುತ್ತಾನೆ. 55 ಡಾಲರ್ ಇಡುಗಂಟಿಟ್ಟು 1 ಡಾಲರ್ 10 ಸೆಂಟಿನ ಟೂರ್ನಿಗಳನ್ನೇ ಆಡಿದರೆ, ಸರಾಸರಿ ಲೆಕ್ಕದಲ್ಲಿ 550 ಟೂರ್ನಿಗೆ ಗಂಟು ಕರಗುತ್ತದೆ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಪ್ರಕಟಿಸಿದ ಸೂತ್ರ ಇನ್ನೂ ನಿಷ್ಠುರ: ಎಷ್ಟು ಮೇಲುಗೈ ಇದೆಯೋ ಅದಕ್ಕೆ ತಕ್ಕಷ್ಟೇ ಪಣ, ಮೇಲುಗೈ ಇಲ್ಲದವನಿಗೆ ಸರಿಯಾದ ಪಣ ಸೊನ್ನೆ. ಅಂದಮೇಲೆ ಕಲಿಯುವವನ ಇಡುಗಂಟು ಬಂಡವಾಳವಲ್ಲ, ಪಾಠದ ಫೀಸು. 55 ಡಾಲರಿಗೆ 550 ಪಾಠ ಎಂದರೆ ಫೀಸು ಅಗ್ಗವೇ, ಆದರೆ ಪ್ರತಿ ಆಟ ಮುಗಿದಾಗ ತಾನು ಆಡಿದ ಕೈಗಳನ್ನು ಮತ್ತೆ ತೆರೆದು ನೋಡುವವನಿಗೆ ಮಾತ್ರ. ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಣವಾದ ಬಿಗ್ ಬ್ಲೈಂಡಿನ ಹತ್ತು ಪಟ್ಟು ಚಿಪ್ಪಷ್ಟೇ ಉಳಿದಾಗ ಯಾವ ಎಲೆಗೆ ಎಲ್ಲವನ್ನೂ ತಳ್ಳಬೇಕು, ಯಾವುದನ್ನು ಮಡಚಬೇಕು ಎಂಬುದಕ್ಕೆ ಸಿದ್ಧ ಕೋಷ್ಟಕಗಳಿವೆ. ಮೊದಲು ಅದು ಬಾಯಿಪಾಠವಾಗಲಿ. ಕೊನೆಯ ಮೇಜಿನಲ್ಲಿ ಚಿಪ್ಪು ಇಮ್ಮಡಿಯಾದರೂ ಬಹುಮಾನದ ಪಾಲು ಇಮ್ಮಡಿಯಾಗದು, ಹಾಗಾಗಿ ಅಲ್ಲಿ ಆ ಕೋಷ್ಟಕವನ್ನೂ ಬಿಗಿಗೊಳಿಸಬೇಕಾಗುತ್ತದೆ. ನನ್ನ ಕಣ್ಣಿಗೆ ಇಡೀ ಆಟದಲ್ಲಿ ಇಷ್ಟು ಸೊಗಸಾದ ವಿಷಯ ಇನ್ನೊಂದಿಲ್ಲ.

ಅಗ್ಗದ ಮೇಜಿನಲ್ಲಿ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರೆ, ಎಂದರೆ ಎದುರಾಳಿಯ ಪಣಕ್ಕೆ ಸಮನಾಗಿ ಹಾಕುತ್ತಾರೆ, ಅಲ್ಲಿ ಕಲಿಯುವುದೇನಿದೆ ಎನ್ನುವವರಿದ್ದಾರೆ. ಅವರ ಮಾತಿನ ಮೊದಲರ್ಧ ನಿಜ. ಕಾಲ್ ಮಾಡುವವನೆದುರು ಬ್ಲಫ್ ಬಿಟ್ಟು, ಒಳ್ಳೆಯ ಎಲೆಗೆ ಪೂರ್ತಿ ಬೆಲೆ ವಸೂಲು ಮಾಡುವುದೂ ಒಂದು ಪಾಠವೇ, ಅದನ್ನು ಕಲಿಯದೆ ಮೇಲೇರಿದವರು ಹೆಚ್ಚು ಶುಲ್ಕ ತೆತ್ತು ಅದನ್ನೇ ಕಲಿಯುತ್ತಾರೆ. ಸಂಬಳ ಬರುವವನಿಗೆ ಇಷ್ಟು ಬಿಗಿ ಏಕೆ, ಹೋದರೆ ಮತ್ತೆ ಹಾಕಿದರಾಯಿತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಪೋಕರನ್ನೇ ನೆಚ್ಚಿ ಬದುಕುವವನಷ್ಟು ಕಟ್ಟುನಿಟ್ಟು ಅವನಿಗೆ ಬೇಡ, ಒಪ್ಪುತ್ತೇನೆ. ವರ್ಷಕ್ಕೆ ಇಷ್ಟೇ ಎಂದು ಬರೆದಿಟ್ಟರೆ ಶೇ 2ರ ಬದಲು 4 ಕೂಡ ನಡೆದೀತು. ಆದರೆ ಮತ್ತೆ ಹಾಕುವ ತೀರ್ಮಾನ ಸೋತ ರಾತ್ರಿಯೇ ಆಗುತ್ತಿದ್ದರೆ ಅವನ ಇಡುಗಂಟು ಸಂಬಳವೇ, ಶೇಕಡಾವಾರು ಬರೀ ಹೆಸರಿಗೆ. ಸೋತವರನ್ನು ಮತ್ತೆ ಒಳಬಿಡುವ ಟೂರ್ನಿಗಳು ಈಗ ಹೇರಳ. ಮೂರು ಸಲ ಒಳಹೋಗುವ ಮನಸ್ಸಿದ್ದರೆ ಮೂರೂ ಶುಲ್ಕ ಸೇರಿ ಶೇ 2ರೊಳಗಿರಬೇಕು.

ಫರ್ಗುಸನ್ ಚಾಂಪಿಯನ್, ಅವರಿಗೆ ಸಾಧ್ಯವಾದದ್ದು ಎಲ್ಲರಿಗೂ ಆಗದು ಎನ್ನುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಅವರ ಕಥೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಆ ಪಣವನ್ನು ಅವರು ಆಡಿದ್ದು ತಾವೇ ನಿರ್ದೇಶಕರಾಗಿದ್ದ ಫುಲ್ ಟಿಲ್ಟ್ ಪೋಕರ್‌ನಲ್ಲಿ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಆ ತಾಣದ ಮೇಲೆ ಎರಗಿತು. ಆ ವರ್ಷದ ಮಾರ್ಚ್ ಕೊನೆಗೆ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು 6 ಕೋಟಿ ಎಂದು ನ್ಯಾಯ ಇಲಾಖೆ ಆರೋಪಿಸಿತು. ಶೇ 2 ದಾಟದೆ ವರ್ಷಗಟ್ಟಲೆ ಇಡುಗಂಟು ಕಾಯ್ದವರು ಕೂಡ ಅದನ್ನು ಹೊರತೆಗೆಯಲಾಗದೆ ಕಾದರು. ಈಗ ಪರವಾನಗಿಯ ಕಟ್ಟಳೆಗಳು ಬಿಗಿಯಾಗಿವೆ. ಆದರೂ ಮುಂದಿನ ವಾರದ ಟೂರ್ನಿಗಳಿಗೆ ಬೇಕಾದಷ್ಟನ್ನು ತಾಣದಲ್ಲಿ ಬಿಟ್ಟು, ಉಳಿದದ್ದನ್ನು ಸ್ವಂತ ಖಾತೆಗೆ ಹಾಕಿ, ಎರಡನ್ನೂ ಕೂಡಿಸಿಯೇ ಆ ಶೇ 2ನ್ನು ಎಣಿಸಬೇಕು.